ನಾನು ತಪ್ಪಾಗಿ ಹಾಕಿದ ನಂಬರು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ವಿಚಿತ್ರ ಅನುಭವ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಬೇಕಾಗಿ ಬಂದಿದೆ. ಬೇಕಾದರೆ ನೀವೂ ಎದ್ದು ಹೋಗಿ.

ಕಳುವಾದ ವಾಹನ ಹುಡುಕಲು ಪೊಲೀಸರಿಗೆ ನೆರವಾಗುವ ಒಂದು ವಾಟ್ಸಾಪ್ ಗುಂಪು ನಮ್ಮದು. ರಿಕ್ಷಾದವರು, ಅಂಗಡಿಯವರು, ನನ್ನಂಥ ನಿವೃತ್ತರು ಇದ್ದೇವೆ. ಕಳುವಾದ ಗಾಡಿಯ ನಂಬರನ್ನು ಗುಂಪಿಗೆ ಹಾಕುವುದು ನನ್ನ ಕೆಲಸ. ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆಯ ನಸೀಮಾ ಗಂಡನನ್ನು ವಾರಕ್ಕೆ ಮೂರು ಸಲ ಸ್ಕೂಟರಿನಲ್ಲಿ ಡಯಾಲಿಸಿಸ್‌ಗೆ ಕರೆದೊಯ್ಯುತ್ತಾರೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಸ್ಕೂಟರ್ ಫಳ್ನೀರಿನ ಆಸ್ಪತ್ರೆಯೊಂದರ ಎದುರಿನಿಂದ ಕಳುವಾಯಿತು. ಒಳಗೆ ಗಂಡ ಸೂಜಿ ಚುಚ್ಚಿಸಿಕೊಂಡು ಮಲಗಿರುವಾಗ ಹೊರಗಿನಿಂದ ಗಾಡಿ ಎತ್ತಿಕೊಂಡು ಹೋದವನಿಗೆ ಏನೆನ್ನಬೇಕು? ನನ್ನ ಮೈ ಉರಿಯಿತು. ಅವರು ಕಳಿಸಿದ ಆರ್‌ಸಿ ನೋಡಿಕೊಂಡೇ ಹನ್ನೊಂದು ಗಂಟೆಗೆ ನಂಬರ್ ಹಾಕಿದೆ.

ಸಂಜೆ ನಾಲ್ಕಕ್ಕೆ ತೊಕ್ಕೊಟ್ಟಿನ ರಿಕ್ಷಾ ಚಾಲಕ ಹರೀಶ ಫೋನ್ ಮಾಡಿದ. "ಸಿಕ್ಕಿತು ಮಾರಾಯ್ರೆ! ನೀವು ಹಾಕಿದ ನಂಬರೇ. ಇಲ್ಲೇ ಹೋಟೆಲಿನ ಎದುರು ಉಂಟು." ನಸೀಮಾರನ್ನು ಕರೆದುಕೊಂಡು ಓಡಿದೆ. ಪೊಲೀಸರೂ ಬಂದಿದ್ದರು. ಚಾಸಿ ನಂಬರ್ ತಾಳೆಯಾಯಿತು. ಒಳಗೆ ಚಹಾ ಕುಡಿಯುತ್ತಿದ್ದ ಕಳ್ಳನೂ ಸಿಕ್ಕಿಬಿದ್ದ.

ಆಗ ನಸೀಮಾ ಪ್ಲೇಟ್ ನೋಡಿ, "ಅಣ್ಣಾ, ಗಾಡಿ ನನ್ನದೇ. ಆದರೆ ಇದೆಂತ ನಂಬರ್?" ಎಂದರು.

ಅವರ ಗಾಡಿಯದು 2918. ಪ್ಲೇಟಿನಲ್ಲಿದ್ದದ್ದು 7350. ಮೊಬೈಲ್ ತೆಗೆದು ನೋಡಿದರೆ ನಾನು ಗುಂಪಿಗೆ ಹಾಕಿದ್ದೂ 7350. ಆರ್‌ಸಿಯ ನಂಬರಿಗೆ ಒಂದಂಕಿಯಾದರೂ ಹೊಂದಬೇಡವೇ! ಕಳ್ಳ ಆ ಪ್ಲೇಟ್ ಮಾಡಿಸಿದ್ದು ಮಧ್ಯಾಹ್ನ ಒಂದೂವರೆಗೆ. ಅದನ್ನು ಮಾಡಿಕೊಟ್ಟ ಸ್ಟಿಕ್ಕರ್ ಅಂಗಡಿಯವನೂ ಅದೇ ಹೊತ್ತು ಹೇಳಿದ. "ಬಾಯಿಗೆ ಬಂದ ನಂಬರ್ ಹೇಳಿದ್ದು ಸರ್. ಇವರು ಯಾರೂಂತ ನನಗೆ ಗೊತ್ತಿಲ್ಲ" ಎಂದ ಕಳ್ಳ, ನನ್ನತ್ತ ಕೈ ತೋರಿಸಿ.

"ಕಳ್ಳನಿಗಿಂತ ಮೊದಲೇ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಠಾಣೆಗೆ ಮೂರು ಸಲ ಕರೆಸಿದರು. ಪುಕ್ಕಟೆ ಸೇವೆ ಮಾಡಿದವನಿಗೆ ಕಳ್ಳನ ಪಕ್ಕದ ಬೆಂಚು! ಗುಂಪಿನಲ್ಲಿ ದಿನಾ ಬೆಳಿಗ್ಗೆ ಕೈಮುಗಿಯುವ ಚಿತ್ರ ಹಾಕುತ್ತಿದ್ದವರಲ್ಲಿ ಒಬ್ಬರೂ ನನ್ನ ಪರ ಬಾಯಿ ಬಿಡಲಿಲ್ಲ. ಊರೆಲ್ಲ ಹುಡುಕುತ್ತಿರುವ ನಂಬರನ್ನೇ ಬರೆಸಿಕೊಳ್ಳುವ ಕಳ್ಳ ಎಲ್ಲಾದರೂ ಇದ್ದಾನೆಯೇ ಎಂದು ಕೂಗಾಡಿದೆ. ಕೊನೆಗೆ ಬಿಟ್ಟರು, ನಂಬಿ ಅಲ್ಲ, ಸಾಕಾಗಿ.

ಸರಿಯಾದ ನಂಬರ್ ಹಾಕಿದ್ದರೆ ಆ ಗಾಡಿ ಸಿಗುತ್ತಲೇ ಇರಲಿಲ್ಲ. ಹಾಗಾದರೆ 7350 ನನ್ನ ಬೆರಳಿಗೆ ಎಲ್ಲಿಂದ ಬಂತು? ನನ್ನ ಫೋನಿನಲ್ಲಿ, ನೆಂಟರ ಗಾಡಿಗಳಲ್ಲಿ, ಹಳೆಯ ಗುರುತಿನ ಚೀಟಿಗಳಲ್ಲಿ ಹುಡುಕಿದೆ. ಎಲ್ಲೂ ಇಲ್ಲ. ಕಾಗೆ, ಕೊಂಬೆ ಎಂದು ಸುಮ್ಮನಾಗಲೂ ನನ್ನಿಂದ ಆಗುತ್ತಿಲ್ಲ.

ನಸೀಮಾ ಈಗಲೂ ಅದೇ ಸ್ಕೂಟರಿನಲ್ಲಿ ಗಂಡನನ್ನು ಕರೆದೊಯ್ಯುತ್ತಾರೆ. ಗೇಟಿನ ಹತ್ತಿರ ನಾನು ಕಂಡರೆ ನಗುತ್ತಾರೆ, "ಚಹಾ ಆಯ್ತಾ ಅಣ್ಣಾ?" ಎನ್ನುತ್ತಾರೆ. ಆಮೇಲೆ, ಬೇರೆಯವರೆದುರು ಗಾಡಿಯಲ್ಲೇ ಬಿಡುವ ಕೀಯನ್ನು ತೆಗೆದು ಮುಷ್ಟಿಯೊಳಗೆ ಹಿಡಿದುಕೊಳ್ಳುತ್ತಾರೆ.