ನೀಲಿ ಹಕ್ಕಿಯ ಕಪ್

ನೈರೋಬಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗಿಕೊಂಬಾ ಸಂತೆಯಲ್ಲಿ ಆಗಲೇ ಕಾಲಿಡಲು ಜಾಗವಿಲ್ಲ. ಹೊರದೇಶದ ಮನೆಗಳಿಂದ ಬಂದ ಹಳೆಯ ಪಿಂಗಾಣಿಯ ಮೂಟೆಗಳ ಮುಂದೆ ಕಲೊಂಡು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಮೂಟೆ ಬಿಚ್ಚುವ ಬರಾಸಾ ದಿನವೂ ಅವರ ಕಾಲೆಳೆಯುತ್ತಾನೆ. "ಬಂದ್ರಾ ಮಾಮಾ ಮುಂಬುವಾ? ನಿಮ್ಮ ಹಕ್ಕಿ ಇವತ್ತೂ ಬಂದಿಲ್ಲ. ರೆಕ್ಕೆ ಇದೆಯಲ್ಲ, ಎಲ್ಲೋ ಹಾರಿರ್ಬೇಕು."

ಮಾಮಾ ಎಂದರೆ ಅಲ್ಲಿ ಅಮ್ಮ; ಹಿರಿಮಗಳು ಮುಂಬುವಾಳ ಹೆಸರಿನಿಂದಲೇ ಸಂತೆಯೆಲ್ಲ ಇವರನ್ನು ಕರೆಯುತ್ತದೆ. ವಯಸ್ಸು ಐವತ್ತೊಂದು. ಜೊತೆ ತಪ್ಪಿದ ಸಾಸರು, ಹಿಡಿ ಮುರಿದ ಕಪ್, ಮುಚ್ಚಳ ಕಳೆದ ಬೋಗುಣಿ, ಹೀಗೆ ಯಾರಿಗೂ ಬೇಡದ್ದೇ ಇವರಿಗೆ ಬೇಕು. ತಳಕ್ಕೆ ತೂತು ಕೊರೆದು, ಮರಳು ಬೆರೆಸಿದ ಮಣ್ಣು ತುಂಬಿ, ದಪ್ಪ ಎಲೆಯ ಪುಟ್ಟ ಸಕ್ಯುಲೆಂಟ್ ಗಿಡ ನೆಟ್ಟು ಲಂಗಾಟಾ ರಸ್ತೆಯ ಬದಿಯಲ್ಲಿ ಮಾರಲು ಸಾಲಾಗಿ ಇಡುತ್ತಾರೆ. ದಿನಕ್ಕೆ ಇಪ್ಪತ್ತು ಪಾತ್ರೆ ಕೊರೆದರೆ ನಾಲ್ಕೈದು ಸೀಳುವುದು ಖಂಡಿತ. ಇವರದು ನೀರು ಕೊಂಡು ತರಬೇಕಾದ ಓಣಿ. ಸೀಳುವ ಪಾತ್ರೆಗೆ ನೀರು ದಂಡವೇಕೆ ಎಂದು ಮೊದಲು ಕೊರೆದು ಆಮೇಲೆ ತೊಳೆಯುವುದು ಇವರ ಕ್ರಮವಾಗಿತ್ತು.

ಹಕ್ಕಿಯ ಕಥೆ ಇವರ ತವರೂರು ಕಿಟುಯಿಯದು. ಅಮ್ಮನ ಬಳಿ ಆರು ಕಪ್‌ಗಳಿದ್ದವು, ಒಳಗೆ ತಳದಲ್ಲಿ ಒಂದೊಂದು ನೀಲಿ ಹಕ್ಕಿ. ಚಹಾ ಕುಡಿದು ಮುಗಿಸಿದರೆ ಮಾತ್ರ ಹಕ್ಕಿ ಕಾಣುತ್ತಿತ್ತು. ಅವು ನೆಂಟರಿಗೆ ಮೀಸಲು. ಮಕ್ಕಳಿಗೆ ಪ್ಲಾಸ್ಟಿಕ್ ಲೋಟ. "ಮದ್ವೆ ಮಾಡ್ಕೊಂಡು ಬಾ, ಆಗ ನೀನೂ ನೆಂಟಳು, ಇದರಲ್ಲೇ ಕೊಡ್ತೀನಿ ಅಂತಿದ್ಲು ಅಮ್ಮ," ಎನ್ನುತ್ತಾರೆ ಕಲೊಂಡು. ಮದುವೆಯಾಗಿ ಮೊದಲ ಸಲ ತವರಿಗೆ ಹೋಗುವ ಮುಂಚೆಯೇ ಅಮ್ಮ ತೀರಿಕೊಂಡರು. ಮಣ್ಣಿಗೆ ಬಂದವರಿಗೆಲ್ಲ ಚಹಾ ಕೊಟ್ಟ ಗಡಿಬಿಡಿಯಲ್ಲಿ ಆ ಕಪ್‌ಗಳು ಊರವರ ಪಾತ್ರೆಗಳ ಜೊತೆ ಸೇರಿ ಎತ್ತಲೋ ಹೋದವು. ಇಪ್ಪತ್ತನಾಲ್ಕು ವರ್ಷದಿಂದ ಇವರು ಮೂಟೆ ಮೂಟೆಯಲ್ಲೂ ಅಂಥದ್ದೇ ಕಪ್ ಹುಡುಕುತ್ತಿದ್ದಾರೆ.

ಕಳೆದ ವರ್ಷ ಅಂಥದ್ದೊಂದು ಸಿಕ್ಕಿತು. ಒಳಗೆಲ್ಲ ಮಸಿ ಮೆತ್ತಿದ ಒಂದು ಕಪ್ಪನ್ನು ಎಂದಿನಂತೆ ಬೋರಲು ಹಾಕಿ ಕೊರೆದರು, ಆಮೇಲೆ ತೊಳೆದರು. ಒಳಗೆ ನೀಲಿ ಹಕ್ಕಿ, ಅದರ ಹೊಟ್ಟೆಯ ನಡುವೆ ತೂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಆದ್ರೂ ಬಿಡ್ಲಿಲ್ಲ. ಅಡಿಯಿಂದ ತೂತಿಗೆ ಬೆರಳು ಒತ್ತಿ ಹಿಡ್ಕೊಂಡು ಚಾ ಹೊಯ್ಕೊಂಡೆ. ಬೆರಳು ಸುಟ್ಟು ಬೊಬ್ಬೆ ಬಂತು," ಎಂದು ನಗುತ್ತಾರೆ. ಕೇಳುವವರಿಗೆ ನಗು ಬರುವುದಿಲ್ಲ.

ಆ ಕಪ್ಪಿಗೆ ಇವರು ಗಿಡ ನೆಟ್ಟಿಲ್ಲ, ಮಾರುವುದೂ ಇಲ್ಲ. ಈಗ ಮಾತ್ರ ಮೊದಲು ತೊಳೆದು, ಒಳಗೆ ನೋಡಿ, ಆಮೇಲೆ ಕೊರೆಯುತ್ತಾರೆ. ನೀರಿಗೆ ದುಡ್ಡು ಸುರಿಯುತ್ತೀರಿ ಎಂದು ಮುಂಬುವಾ ಗೊಣಗುತ್ತಾಳೆ.

ಒಮ್ಮೆ ಕುಡಿದಾಯಿತಲ್ಲ, ಇನ್ನೂ ಯಾಕೆ ಹುಡುಕಾಟ ಎಂದರೆ ಕಲೊಂಡು ಕೈಯಲ್ಲಿದ್ದ ಬೋಗುಣಿಯನ್ನು ಮೆಲ್ಲಗೆ ನೆಲಕ್ಕಿಡುತ್ತಾರೆ.

"ಅವತ್ತು ಕಪ್ ಕೆಳಗಿಡೋಕೇ ಆಗ್ಲಿಲ್ಲ, ಸೋರಿಹೋಗೋದು. ಬಿಸಿಬಿಸಿಯಾಗೇ ಕುಡಿದು ಮುಗಿಸ್ಬೇಕಾಯ್ತು. ನೆಂಟಳು ಅಂದ್ಮೇಲೆ ನಡುವೆ ಕಪ್ ಕೆಳಗಿಟ್ಟು, ಅಮ್ಮನ ಜೊತೆ ಎರಡು ಮಾತಾಡ್ಬೇಕಲ್ವಾ?"