ಹುಣಸೆಹಣ್ಣಲ್ಲಿ ಬೆಳಗಿದ ಬ್ಯಾಟರಿ

“ಇವಳು ಇಂಜಿನಿಯರ್ ಆಗೋದಾ? ಆಗೋ ಮಾತಿದ್ರೆ ಹೇಳು ಭಾವ” ಎಂದು ನಮ್ಮಪ್ಪನ ಮುಂದೆ ನಕ್ಕವನು ನನ್ನ ಸೋದರಮಾವ ನಂಜುಂಡ. ನಾನು ಇಂಜಿನಿಯರ್ ಆದೆ. ಆದರೆ ಆ ಡಿಗ್ರಿಯ ಕೊನೆಯ ಮೆಟ್ಟಿಲು ಹತ್ತುವಾಗ, ನಾನು ಮಾಡಿದ ತಪ್ಪನ್ನು ಅವನ ತಲೆಗೆ ಕಟ್ಟಿದೆ — ಅವನ ಎದುರಿಗೇ, ಅವನಿಗೆ ಅರ್ಥವಾಗದ ಭಾಷೆಯಲ್ಲಿ. ಅವನ ಕೆಲಸ ಹೋಯಿತು. ನಾನು ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಬಾಪೂಜಿ ನಗರದ ಒಂದೇ ಕೋಣೆಯ ಮನೆಯಲ್ಲಿ ಓದಿದವಳು ನಾನು. ನಮ್ಮಲ್ಲಿ ನನಗಿಂತ ಮುಂಚೆ ಹತ್ತನೇ ಕ್ಲಾಸು ದಾಟಿದವರಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಕತ್ತು ತಾನಾಗಿ ನೆಟ್ಟಗಾಗುತ್ತದೆ. ಆ ಹೆಮ್ಮೆಯೇ ನನ್ನಿಂದ ಇದನ್ನು ಮಾಡಿಸಿತು ಎಂದು ಬರೆಯಲು ಹೊರಟಿದ್ದೆ — ಇಲ್ಲ. ಮಾಡಿದವಳು ನಾನು.

ಮಾವ ಆಗ ರಾಜರಾಜೇಶ್ವರಿನಗರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಬ್ಯಾಟರಿ ಗಾಡಿ ಓಡಿಸುತ್ತಿದ್ದ. ಗಾಲ್ಫ್ ಮೈದಾನಗಳಲ್ಲಿ ಓಡಾಡುತ್ತದಲ್ಲ, ಆ ಥರದ್ದು. ಬೇರೆಲ್ಲೋ ದುಡಿದು ಹಳೆಯದಾದ ಮೇಲೆ ಇಲ್ಲಿಗೆ ಬಂದಿತ್ತು. ಗೇಟಿನಿಂದ ಹಿಂದಿನ ಬ್ಲಾಕಿನವರೆಗೆ ಏರು ದಾರಿ. ಮಂಡಿನೋವಿನ ಅಜ್ಜ ಅಜ್ಜಿಯರನ್ನೂ ಅವರ ತರಕಾರಿ ಚೀಲಗಳನ್ನೂ ಕೂರಿಸಿಕೊಂಡು ದಿನವಿಡೀ ಮೇಲಕ್ಕೂ ಕೆಳಕ್ಕೂ ಓಡಾಟ. ಆ ಸ್ಟಿಯರಿಂಗ್ ಹಿಡಿದರೆ ಅವನಿಗೊಂದು ಗತ್ತು ಬರುತ್ತಿತ್ತು.

ನನ್ನ ಕೊನೆಯ ವರ್ಷದ ಆಯುಧಪೂಜೆಗೆ ಗಾಡಿ ತೊಳೆಯಲು ನಾನೂ ಹೋದೆ. ಸೀಟು ಎತ್ತಿದರೆ ಕೆಳಗೆ ಬ್ಯಾಟರಿಗಳ ಸಾಲು, ಒಂದರಿಂದ ಇನ್ನೊಂದಕ್ಕೆ ದಪ್ಪ ವೈರು. ವೈರಿನ ತಾಮ್ರದ ತುದಿಗಳು ಕಪ್ಪಿಟ್ಟಿದ್ದವು.

“ಬ್ಯಾಟರಿಗೆ ಕೈ ಹಾಕ್ಬೇಡ ಕಣೇ ಪುಟ್ಟಿ. ಅದರ ಪಾಡಿಗೆ ಅದಿರ್ಲಿ.”

“ಎಲೆಕ್ಟ್ರಿಕಲ್ ಓದ್ತಿರೋದು ನಾನಾ, ನೀನಾ?”

“ಆಯ್ತು ತಾಯಿ, ನೀನೇ” ಎಂದು ನಕ್ಕು, ಬೂದುಗುಂಬಳಕಾಯಿ ತರಲು ಹೋದ.

ಅವನು ಬರುವಷ್ಟರಲ್ಲಿ ನಾನು ಒಂದು ವೈರಿನ ನಟ್ಟು ಬಿಚ್ಚಿ, ಅದರ ತುದಿಯನ್ನು ಹುಣಸೆಹಣ್ಣಲ್ಲಿ ಬೆಳಗಿದ್ದೆ. ಆರತಿ ತಟ್ಟೆ ಬೆಳಗಲೆಂದು ತಂದಿದ್ದ ಹುಣಸೆಹಣ್ಣು. ಅಮ್ಮ ಹಬ್ಬದ ಹಿಂದಿನ ದಿನ ದೀಪದ ಕಂಬ ಬೆಳಗುವ ಹಾಗೇ ಉಜ್ಜಿದೆ. ಫಳಫಳ ಅಂತು. ಬ್ಯಾಟರಿ ಮೇಲೆ ನೀರು ಬೀಳಬಾರದೆಂದು ತೊಳೆಯಲಿಲ್ಲ, ಬಟ್ಟೆಯಲ್ಲಿ ಒರೆಸಿದೆ ಅಷ್ಟೆ. ಒಳ್ಳೆಯದಾಗಲಿ ಎಂದು ಒಂದು ಬೊಟ್ಟು ಕುಂಕುಮ ಇಟ್ಟು, ಅದರ ಮೇಲೇ ನಟ್ಟು ಬಿಗಿದೆ. ಮಾವನಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ನಾನು ಹೇಳಲೂ ಇಲ್ಲ — ಹೇಳುವಂಥದ್ದು ಅನ್ನಿಸಿರಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಗಾಡಿಯ ದಮ್ಮು ಹೋಯಿತು. ಸಮನೆಲದಲ್ಲಿ ತೆವಳುತ್ತಿತ್ತು, ಏರಿನಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. “ನಂಜುಂಡಣ್ಣ, ನಿನ್ನ ಗಾಡಿಗಿಂತ ನನ್ನ ಮಂಡಿನೇ ವಾಸಿ ಕಣಯ್ಯ” ಎಂದು ಅಜ್ಜನೊಬ್ಬರು ಇಳಿದು ನಡೆದೇ ಹೋದರಂತೆ. ಮಾವ ಅದನ್ನು ನಗುತ್ತಲೇ ಹೇಳಿದ. ಆದರೆ ಇವನು ರಾತ್ರಿ ಸರಿಯಾಗಿ ಚಾರ್ಜಿಗೆ ಹಾಕುವುದಿಲ್ಲ ಎಂಬ ಮಾತು ಆಗಲೇ ಎದ್ದಿತ್ತು. ಅವನೇ ಅಸೋಸಿಯೇಷನ್ನಿನ ಸೆಕ್ರೆಟರಿ ಹತ್ತಿರ ಹೋಗಿ, “ನಮ್ಮಕ್ಕನ ಮಗಳು ಇಂಜಿನಿಯರಿಂಗ್ ಓದ್ತಾಳೆ ಸಾರ್, ಒಂದ್ಸಲ ನೋಡ್ಲಿ” ಎಂದು ಕೇಳಿಕೊಂಡ. ನನಗೂ ಕೊನೆಯ ವರ್ಷದ ಪ್ರಾಜೆಕ್ಟ್ ಬೇಕಿತ್ತು. ಅದನ್ನು ಕೊಡಿಸಿದವನೂ ಅವನೇ.

ನಿಂತ ಗಾಡಿಯಲ್ಲಿ ಮೀಟರ್ ಹಿಡಿದರೆ ಬ್ಯಾಟರಿಗಳೆಲ್ಲ ಸರಿ ಇದ್ದವು. ಟೈರಿನ ಗಾಳಿ ಸರಿ. ಬ್ರೇಕು ಚಕ್ರವನ್ನು ಹಿಡಿಯುತ್ತಿರಲಿಲ್ಲ. ಕೊನೆಗೆ ಮೀಟರಿನ ವೈರನ್ನು ಉದ್ದ ಮಾಡಿಕೊಂಡು, ಒಂದೊಂದೇ ಜಾಗಕ್ಕೆ ಸಿಕ್ಕಿಸಿ, ಮಾವನಿಗೆ ಮತ್ತೆ ಮತ್ತೆ ಏರು ಹತ್ತಿಸಲು ಹೇಳಿದೆ. ಎಳೆತ ಬಿದ್ದಾಗ ಒಂದೇ ಒಂದು ಜೋಡಣೆಯಲ್ಲಿ ವೋಲ್ಟೇಜು ಸೋರಿಹೋಗುತ್ತಿತ್ತು. ಮುಟ್ಟಿದರೆ ಕೈ ಸುಟ್ಟಿತು. ಬಿಚ್ಚಿದೆ. ಹಸಿರು ಕಿಲುಬು. ಕೆರೆದರೆ — ಅಡಿಯಲ್ಲಿ ಕುಂಕುಮ.

ತೊಳೆಯದೆ ಬಿಟ್ಟ ಹುಣಸೆಯ ಹುಳಿ ತಾಮ್ರವನ್ನು ತಿಂದಿತ್ತು. ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ. ಅಡುಗೆ ಸೋಡಾದ ನೀರಲ್ಲಿ ಉಜ್ಜಿ, ಒಣಗಿಸಿ, ಬಿಗಿದೆ. ಗಾಡಿ ಏರನ್ನು ಸರ್ರನೆ ಹತ್ತಿತು.

“ಏನಾಗಿತ್ತೇ?”

“ಕಿಲುಬು ಕಟ್ಟಿತ್ತು ಮಾವ. ಸರಿಯಾಗಿ ನೋಡ್ಕೊಂಡಿಲ್ಲ.”

“ಇರ್ಬೋದು ಕಣೇ. ನಾನು ನೋಡ್ಕೋಬೇಕಿತ್ತು.”

ಯಾರು ನೋಡಿಕೊಂಡಿಲ್ಲ ಎಂದು ನಾನು ಹೇಳಿರಲಿಲ್ಲ. ಆ ಖಾಲಿ ಜಾಗಕ್ಕೆ ಅವನೇ ಹೋಗಿ ನಿಂತುಕೊಂಡ. ನಾನು ನಿಲ್ಲಲು ಬಿಟ್ಟೆ.

ಮುಂದಿನ ವಾರ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಾನು ಕಮಿಟಿಯ ಮುಂದೆ ಮಾತಾಡಬೇಕಿತ್ತು. ನನ್ನ ಪ್ರಾಜೆಕ್ಟಿಗೆ ಅಂಕ ಕೊಡಬೇಕಾದ ಕಾಲೇಜಿನ ಮೇಡಂ ಕೂಡ ಬಂದಿದ್ದರು. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಆದರೆ ಎಲೆಕ್ಟ್ರಿಕಲ್ ಕೊನೆ ವರ್ಷದ ಹುಡುಗಿ ಬ್ಯಾಟರಿಯನ್ನು ಹುಣಸೆಹಣ್ಣಲ್ಲಿ ಬೆಳಗಿ ಕುಂಕುಮ ಇಟ್ಟಳು ಎಂದರೆ ಅವರೆಲ್ಲ ನಗುತ್ತಾರೆ, ಎಷ್ಟು ಓದಿದರೂ ಇವರು ಇಷ್ಟೇ ಅಂದುಕೊಳ್ಳುತ್ತಾರೆ — ಅದೊಂದನ್ನು ತಡೆಯಲಾಗಲಿಲ್ಲ ನನಗೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಎಲ್ಲೂ ತೊದಲಲಿಲ್ಲ.

ಕೊನೆಗೆ ಸೆಕ್ರೆಟರಿ, ಹಾಗಾದರೆ ಇದು ಗಾಡಿ ಓಡಿಸುವವನ ಅಲಕ್ಷ್ಯವೇ ಎಂದು ಇಂಗ್ಲಿಷಿನಲ್ಲೇ ಕೇಳಿದರು: “ಸೋ, ಆಪರೇಟರ್ ನೆಗ್ಲಿಜೆನ್ಸ್?”

“ಯೆಸ್ ಸಾರ್.”

ಮಾವ ಬಾಗಿಲ ಹತ್ತಿರ ನಿಂತಿದ್ದ. ನಾನು ಆ ಕಡೆ ನೋಡಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನೇ ನನ್ನ ಓದನ್ನು ನೋಡಿ ನಕ್ಕನಲ್ಲ, ಆ ನಗು ಆಗ ನೆನಪಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೆನಪಿತ್ತು. ಅದೇ ಇನ್ನೂ ಹೆಚ್ಚು ಸುಡುವುದು.

ನನಗೆ ಒಳ್ಳೆಯ ಅಂಕ ಬಂತು. ಗಾಡಿಗೆ ಬೇರೆ ಡ್ರೈವರ್ ಬಂದ. ಮಾವನನ್ನು ಕಸ ಬೇರೆ ಮಾಡುವ ಶೆಡ್ಡಿಗೆ ಹಾಕಿದರು. ಅಲ್ಲಿ ಕೆಲವು ತಿಂಗಳು ತಡೆದು, ಬಿಟ್ಟ. ಈಗ ನಂದಿನಿ ಲೇಔಟಿನ ಒಂದು ಕಲ್ಯಾಣ ಮಂಟಪದಲ್ಲಿ ಕಾರುಗಳಿಗೆ ಪಾರ್ಕಿಂಗ್ ಜಾಗ ತೋರಿಸುತ್ತಾನೆ. ನೆಂಟರು ಯಾರಾದರೂ ಆ ಕೆಲಸದ ಮಾತು ಎತ್ತಿದರೆ, “ನಾನೇ ಗಾಡಿ ನೆಟ್ಟಗೆ ನೋಡ್ಕೊಳ್ಳಿಲ್ಲ, ತೆಗೆದ್ರು” ಅನ್ನುತ್ತಾನೆ. ನಾನು ಪಕ್ಕದಲ್ಲೇ ಕೂತು ಪಾಯಸ ತಿನ್ನುತ್ತಿರುತ್ತೇನೆ.

ಘಟಿಕೋತ್ಸವದ ಸರ್ಟಿಫಿಕೇಟನ್ನು ಮನೆಯವರೆಲ್ಲ ಕಣ್ಣಿಗೊತ್ತಿಕೊಂಡರು. ಅವನ ಕೈಗೆ ಮಾತ್ರ ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ ಒಂದೊಂದು ನೆಪ — ಲ್ಯಾಮಿನೇಷನ್ನಿಗೆ ಕೊಟ್ಟಿದ್ದೇನೆ, ಆಫೀಸಿನಲ್ಲಿದೆ.

ಕಳೆದ ಭಾನುವಾರ ತೆಗೆದುಕೊಂಡು ಹೋದೆ. ಮಂಟಪದ ಮುಂದೆ, ಎರಡು ಕಾರುಗಳ ಮಧ್ಯೆ ನಿಂತು, ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಇಸಕೊಂಡ. ನನ್ನ ಹೆಸರು ಎಲ್ಲಿದೆ ಎಂದು ಹುಡುಕಿದ. ಆಗಲೇ ಹೇಳಿಬಿಟ್ಟೆ. ಹುಣಸೆಹಣ್ಣು, ಕುಂಕುಮ, ಆಪರೇಟರ್ ಅಂದರೆ ಯಾರು ಎಂಬುದು — ಎಲ್ಲ.

ಒಂದು ಕಾರು ಹಾರ್ನ್ ಹೊಡೆಯಿತು. ಹೋಗಿ ಅದಕ್ಕೆ ಜಾಗ ತೋರಿಸಿ ಬಂದ. ಸರ್ಟಿಫಿಕೇಟನ್ನು ಮಡಿಕೆ ಬೀಳದ ಹಾಗೆ ನನ್ನ ಕೈಗೆ ವಾಪಸ್ ಕೊಟ್ಟ.

“ಕೆಲಸ ಹೋಗಿದ್ದು ಹೋಗ್ಲಿ ಬಿಡು. ಅವತ್ತು ನೀನು ಇಂಗ್ಲಿಷಲ್ಲಿ ಮಾತಾಡ್ತಾ ಇದ್ರೆ ನಾನು ನಿಮ್ಮತ್ತೆಗೆ ಫೋನ್ ಮಾಡಿ, ಕೇಳೇ ನಮ್ಮ ಪುಟ್ಟಿ ಹೆಂಗ್ ಮಾತಾಡ್ತಾಳೆ ಅಂತ, ಮುಗಿಯೋವರ್ಗೂ ಫೋನ್ ಎತ್ತಿ ಹಿಡ್ಕೊಂಡಿದ್ದೆ ಕಣೇ.”