ಹನ್ನೆರಡು ವೋಲ್ಟಿನಿಂದ ಇಪ್ಪತ್ತು

"ಇಪ್ಪತ್ತು ಅಂತ ಬರಿಯಮ್ಮ, ಸೀನಿಯರ್ ರೆಕಾರ್ಡ್ ಬುಕ್ಕಿನಾಗೆ ಹಂಗೇ ಐತೆ," ಎನ್ನುತ್ತ ಮೇಷ್ಟ್ರು ನಾನು ಬರೆದ ಹನ್ನೊಂದರ ಮೇಲೆ ಕೆಂಪು ಗೆರೆ ಎಳೆದರು. ತೊಂಬತ್ತರ ದಶಕದ ಮಾತು, ಚಿತ್ರದುರ್ಗದ ಪಾಲಿಟೆಕ್ನಿಕ್ ಲ್ಯಾಬು. ಆಪ್-ಆಂಪ್ ಎಂಬ ಐಸಿ ಚಿಪ್‌ನಿಂದ ಎರಡು ವೋಲ್ಟನ್ನು ಹತ್ತು ಪಟ್ಟು ಮಾಡಬೇಕಿತ್ತು. ಲೆಕ್ಕದಲ್ಲಿ ಇಪ್ಪತ್ತು, ಮೀಟರಿನಲ್ಲಿ ಹನ್ನೊಂದೇ.

"ಐಸಿಗೆ ಕೊಟ್ಟಿರೋದೇ ಹನ್ನೆರಡು ವೋಲ್ಟು ಸಾರ್. ಹನ್ನೆರಡು ಸೇರಿನ ಚೀಲದಾಗಿಂದ ಇಪ್ಪತ್ತು ಸೇರು ರಾಗಿ ಸುರೀತೈತಾ?"

"ಇದು ಚರ್ಚಾಸ್ಪರ್ಧೆ ಅಲ್ಲ. ಸಹಿ ಬೇಕೋ, ಬ್ಯಾಡ್ವೋ?"

ಸಹಿಯಿಲ್ಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಹಲ್ಲು ಕಚ್ಚಿ ಇಪ್ಪತ್ತೆಂದು ಬರೆದೆ. ಕಣ್ಣೆದುರಿನ ಮೀಟರನ್ನು ಒಮ್ಮೆಯೂ ನೋಡದೆ ಅವರು ಸಹಿ ಹಾಕಿದರು.

ಮರುವರ್ಷ ಜೂನಿಯರ್ ಹುಡುಗಿಯೊಬ್ಬಳು ನಕಲು ಮಾಡಲು ನನ್ನ ರೆಕಾರ್ಡ್ ಕೇಳಿದಳು. ಆ ಸುಳ್ಳಿಗೆ ಈಗ ನಾನೇ ಸೀನಿಯರ್! ಇಪ್ಪತ್ತನ್ನು ಹೊಡೆದು ಹನ್ನೊಂದೆಂದು ತಿದ್ದಿ ಕೊಟ್ಟೆ, ಕೆಂಪು ಇಂಕಿನಲ್ಲೇ.